ಜಾಗ್ರೆಬ್‌ನ ಡೊಲಾಟ್ಸ್ ಮಾರ್ಕೆಟ್: ಚೀಸ್ ಅದೇ, ರೇಟು ಬೇರೆ

ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ಗೆ ಹೊಸದಾಗಿ ಬರುವ ನಮ್ಮವರೆಲ್ಲ ಮೊದಲು ಕೇಳುವುದು ಒಂದೇ, ತರಕಾರಿ ಎಲ್ಲಿ ಚೆನ್ನಾಗಿ ಸಿಗುತ್ತೆ? ನನ್ನ ಉತ್ತರ ಡೊಲಾಟ್ಸ್. ಊರಿನ ನಡುಮಧ್ಯೆ ಇದೆ. ಬಾನ್ ಯೆಲಾಚಿಚ್ ಚೌಕದಿಂದ ಮೆಟ್ಟಿಲು ಹತ್ತಿದರೆ ಆಯಿತು, ದೊಡ್ಡ ಚರ್ಚು ಕೂಗಳತೆ ದೂರದಲ್ಲಿ. 1930ರಲ್ಲಿ ಶುರುವಾದ ಮಾರ್ಕೆಟ್ ಇದು. ಮೇಲೆ ಬಯಲಲ್ಲಿ ಕೆಂಪು ಛತ್ರಿಗಳ ಕೆಳಗೆ ಹಣ್ಣು, ತರಕಾರಿ, ಹೂವು. ಕೆಳಗಡೆ ಒಳಾಂಗಣದಲ್ಲಿ ಮಾಂಸ, ಬ್ರೆಡ್ಡು, ಹಾಲು-ಚೀಸು. ಮೀನಿಗೆ ಬೇರೆಯೇ ಜಾಗ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಲೆಕ್ಕದಲ್ಲಿ 5ಕ್ಕೆ 4 ಸ್ಟಾರ್. ಕಳೆದ ಒಂದು ಸ್ಟಾರ್ ರೇಟಿಗೆ. ಆದರೆ ಆ ರೇಟಿಗೆ ಮಾರ್ಕೆಟ್ಟನ್ನೊಂದೇ ಬೈದರೆ ನ್ಯಾಯ ಅಲ್ಲ. ಕ್ರೊಯೇಷಿಯಾ 2013ರ ಜುಲೈ 1ಕ್ಕೆ ಯುರೋಪಿಯನ್ ಯೂನಿಯನ್ ಸೇರಿತು. ಹತ್ತು ವರ್ಷ ಆಗುವಷ್ಟರಲ್ಲಿ, 2023ರ ಜನವರಿ 1ಕ್ಕೆ, ಸ್ವಂತ ದುಡ್ಡು ಕೂನಾ ಬಿಟ್ಟು ಯೂರೋ ತಗೊಂಡಿತು, ಅದೇ ದಿನ ಗಡಿಯಲ್ಲಿ ಪಾಸ್‌ಪೋರ್ಟ್ ನೋಡದ ಶೆಂಗೆನ್ ಕೂಟಕ್ಕೂ ಸೇರಿತು. ಪೇಪರಿನಲ್ಲಿ ಇದನ್ನೆಲ್ಲ ಓದಿದರೆ ಮಂತ್ರಿಗಳ ವಿಷಯ ಅನ್ನಿಸುತ್ತದೆ, ಅಲ್ವಾ? ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದು ನಿಂತಾಗ ಅದು ನಮ್ಮ ಜೇಬಿನ ವಿಷಯ. ಅದಕ್ಕೇ ಈ ರಿವ್ಯೂ ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ.

ಚೀಸ್‌ನಿಂದ ಶುರು ಮಾಡೋಣ, ಯಾಕೆಂದರೆ ಇಲ್ಲಿ ಅದೇ ರಾಜ. ಜಾಗ್ರೆಬ್ ಸುತ್ತಲಿನ ಹಳ್ಳಿಗಳಿಂದ ಹೆಂಗಸರು, ಹೆಚ್ಚಿನವರು ಅಜ್ಜಿಯರೇ, ಮನೆಯಲ್ಲಿ ಮಾಡಿದ ಹಸಿ ಚೀಸ್ ಮತ್ತು ಹುಳಿ ಕೆನೆ ತಂದು ಮಾರುತ್ತಾರೆ. ಜೋಡಿಗೆ ಸಿರ್ ಇ ವರ್ಹ್ನೆ ಅನ್ನುತ್ತಾರೆ. ಈ ಹೆಂಗಸರನ್ನು ಊರವರು ಕರೆಯುವುದು ಕುಮಿತ್ಸಾ ಅಂತ. ತಲೆ ಮೇಲೆ ಬುಟ್ಟಿ ಹೊತ್ತ ಕುಮಿತ್ಸಾಳ ಪ್ರತಿಮೆಯನ್ನೇ ಮಾರ್ಕೆಟ್ಟಿನ ಮೆಟ್ಟಿಲ ಬಳಿ ನಿಲ್ಲಿಸಿದ್ದಾರೆ. ಯೂನಿಯನ್ ಸೇರಬೇಕಾ ಬೇಡವಾ ಅಂತ 2012ರ ಜನವರಿಯಲ್ಲಿ ಇಲ್ಲಿ ಜನಮತ ಆಯಿತು. ಆಗ ಊರೆಲ್ಲ ಓಡಾಡಿದ ಹೆದರಿಕೆಯೇ ಇದು: ಬ್ರಸೆಲ್ಸ್‌ನವರು, ಅಂದರೆ ಯೂನಿಯನ್ ಅಧಿಕಾರಿಗಳು, ಬಂದರೆ ಈ ಚೀಸು-ಕೆನೆ ಮಾರಲು ಬಿಡುವುದಿಲ್ಲ, ಮನೆಯಲ್ಲಿ ಹಂದಿ ಕಡಿಯಲು ಬಿಡುವುದಿಲ್ಲ, ಎಲ್ಲ ಫ್ಯಾಕ್ಟರಿ ಮಾಲೇ ಗತಿ. ಮತ ಹಾಕಿದವರು ಅರ್ಧಕ್ಕೂ ಕಡಿಮೆ, ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಸೇರೋಣ ಅಂದರು. ಚೀಸ್ ಎಲ್ಲೂ ಹೋಗಲಿಲ್ಲ. ಗಾಜಿನ ತಣ್ಣನೆ ಪೆಟ್ಟಿಗೆಯೊಳಗೆ ಕೂತಿದೆ ಅಷ್ಟೇ, ಮಾರುವವರು ಏಪ್ರನ್ ಹಾಕಿಕೊಂಡಿರುತ್ತಾರೆ. ಕೇಳಿದರೆ ಚೂರು ಮುರಿದು ರುಚಿ ನೋಡಲು ಈಗಲೂ ಕೊಡುತ್ತಾರೆ.

ರುಚಿ ಬಗ್ಗೆ ಮಾತೇ ಇಲ್ಲ. ಹಸಿ ಚೀಸ್ ನಮ್ಮ ಪನೀರಿಗಿಂತ ಮೆತ್ತಗೆ, ಸಣ್ಣ ಹುಳಿ ಇರುತ್ತದೆ. ಇಲ್ಲಿಯವರು ಅದರ ಮೇಲೆ ಕೆನೆ ಸುರಿದು, ಈರುಳ್ಳಿ ಹೂವು ಹೆಚ್ಚಿ ಹಾಕಿ, ಕೆಂಪು ಮೆಣಸಿನ ಪುಡಿ ಉದುರಿಸಿ, ಜೋಳದ ಬ್ರೆಡ್ಡಿನ ಜೊತೆ ತಿನ್ನುತ್ತಾರೆ. ನಾನು ಹಸಿಮೆಣಸಿನಕಾಯಿ, ಜೀರಿಗೆ ಒಗ್ಗರಣೆ ಹಾಕಿ ಪಲ್ಯದ ಥರ ಮಾಡುತ್ತೇನೆ, ಚಪಾತಿಗೆ ಸೂಪರ್. ಕೆನೆಯನ್ನು ಕಡೆದು ಬೆಣ್ಣೆ ತೆಗೆದು ತುಪ್ಪ ಕಾಯಿಸಿದರೆ ಮನೆಯೆಲ್ಲ ಘಮಘಮ. ಅಂಗಡಿಯ ಡಬ್ಬಿ ಕೆನೆಯಲ್ಲಿ ಇದು ಆಗುವುದಿಲ್ಲ, ನೋಡಿದ್ದೇನೆ.

ಮೊಟ್ಟೆಗೂ ಪೂರ್ತಿ ಅಂಕ. ಇಲ್ಲಿ ಯೂನಿಯನ್ ಕೆಲಸ ಕಣ್ಣಿಗೇ ಕಾಣುತ್ತದೆ. ಮೊಟ್ಟೆ ಮೇಲೆ ಕೆಂಪು ಶಾಯಿಯಲ್ಲಿ ಒಂದು ಅಂಕಿ, ಆಮೇಲೆ ದೇಶದ ಎರಡಕ್ಷರ, ಆಮೇಲೆ ಕೋಳಿಮನೆಯ ನಂಬರು ಒತ್ತಿರುತ್ತದೆ. ಮೊದಲ ಅಂಕಿ 0 ಅಂದರೆ ಸಾವಯವ, 1 ಅಂದರೆ ಹೊರಗೆ ಮೇಯುವ ಕೋಳಿ, 2 ಅಂದರೆ ಶೆಡ್ಡಿನೊಳಗೆ ಓಡಾಡುವ ಕೋಳಿ, 3 ಅಂದರೆ ಪಂಜರದ್ದು. ನಾಟಿ ಮೊಟ್ಟೆ, ಹಳ್ಳಿ ಮೊಟ್ಟೆ ಅಂತ ಯಾರು ಏನೇ ಹೇಳಲಿ, ಮೊಟ್ಟೆ ತಿರುಗಿಸಿ ನೋಡಿದರೆ ಸಾಕು. ತೀರಾ ಸಣ್ಣ ಸಾಕಣೆಯವರಿಗೆ, ಅಂದರೆ 50 ಕೋಳಿವರೆಗೆ ಇದ್ದವರಿಗೆ, ವಿನಾಯಿತಿ ಇದೆ. ಅವರು ಮೊಟ್ಟೆ ಪಕ್ಕ ತಮ್ಮ ಹೆಸರು ವಿಳಾಸ ಬರೆದು ಇಟ್ಟಿರುತ್ತಾರೆ. ಈ ಅಂಕಿ ಓದಲು ಕಲಿತ ಮೇಲೆ ಸೂಪರ್‌ಮಾರ್ಕೆಟ್‌ನಲ್ಲೂ ಕೈ ತಾನಾಗಿ ಡಬ್ಬಿ ತೆಗೆದು ನೋಡುತ್ತದೆ. ಪ್ರೆಸಿಡೆಂಟು ಪ್ರೈಮಿನಿಸ್ಟರು ಸಹಿ ಹಾಕಿದ ಯಾವ ಒಪ್ಪಂದಕ್ಕಿಂತಲೂ ನನಗೆ ಈ ಮೊಟ್ಟೆ ಠಸ್ಸೆ ಮೇಲೆ ಜಾಸ್ತಿ ಗೌರವ.

ಈಗ ರೇಟು. ನಾನು ಬಂದಾಗ ಕೂನಾ ಇತ್ತು. ಯೂರೋಗೆ ಬದಲಾಗುವ ಮುಂಚೆ ಸರ್ಕಾರ ದರ ನಿಗದಿ ಮಾಡಿತು, 1 ಯೂರೋಗೆ 7.53450 ಕೂನಾ. ಪೂರ್ಣಾಂಕ ಬಿಡಿ, ಸುಲಭಕ್ಕೆ ಏಳೂವರೆ ಅನ್ನಲೂ ಬಿಡಲಿಲ್ಲ. 2022ರ ಸೆಪ್ಟೆಂಬರ್ 5ರಿಂದ 2023ರ ಕೊನೆವರೆಗೆ ಎಲ್ಲ ಅಂಗಡಿಯವರೂ ಎರಡೂ ದುಡ್ಡಿನಲ್ಲಿ ಬೆಲೆ ಬರೆಯಬೇಕು ಅಂತ ಕಾನೂನು. ಸೂಪರ್‌ಮಾರ್ಕೆಟ್‌ನಲ್ಲಿ ಪ್ರಿಂಟ್ ಮಾಡಿದ ಚೀಟಿ, ಸರಿ. ಮಾರ್ಕೆಟ್ಟಿನಲ್ಲಿ ರಟ್ಟಿನ ತುಂಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಮೇಲೊಂದು ಬೆಲೆ ಕೆಳಗೊಂದು ಬೆಲೆ, ಮಳೆ ಬಂದರೆ ಎರಡೂ ಕಲಸಿ ನೀಲಿ. ಯೂರೋ ಬಂದ ಮೊದಲ ಎರಡು ವಾರ ಎರಡೂ ದುಡ್ಡು ನಡೆಯಿತು. ಕೂನಾ ಕೊಟ್ಟರೆ ಚಿಲ್ಲರೆ ಯೂರೋದಲ್ಲಿ ಬರುತ್ತಿತ್ತು. ಆ ಎರಡು ವಾರ ಕ್ಯೂನಲ್ಲಿ ನಿಂತವರೆಲ್ಲ ಗಣಿತ ಮೇಷ್ಟ್ರು.

ಬೆಲೆ ಏರಿದ್ದು ಹೇಗೆ ಅಂತ ಒಂದು ಸಣ್ಣ ಉದಾಹರಣೆ ಸಾಕು. ಪಾರ್ಸ್ಲಿ ಸೊಪ್ಪಿನ ಕಟ್ಟು 5 ಕೂನಾ ಇತ್ತು, ಅಂದರೆ ಒಂದೇ ಒಂದು ನಾಣ್ಯ. ಲೆಕ್ಕದ ಪ್ರಕಾರ ಅದು 66 ಸೆಂಟು ಆಗಬೇಕು. 66 ಸೆಂಟಿಗೆ ಚಿಲ್ಲರೆ ಎಣಿಸುತ್ತಾ ಯಾರು ಕೂರುತ್ತಾರೆ? ಅದು ಮೊದಲು 80 ಆಯಿತು, ಆಮೇಲೆ 1 ಯೂರೋ ಆಯಿತು. ಮತ್ತೆ ಒಂದೇ ನಾಣ್ಯ. ಆದರೆ ಆ ನಾಣ್ಯದಲ್ಲಿ ಏಳೂವರೆ ಕೂನಾ ಇದೆ. ಯಾರೂ ಮೋಸ ಮಾಡಿದ ಹಾಗೆ ಕಾಣುವುದಿಲ್ಲ, ಬೆಲೆ ಮಾತ್ರ ಒಂದೂವರೆ ಪಟ್ಟು. ನಾನು ಹೋಗುತ್ತಿದ್ದ ಒಂದು ಕೆಫೆಯಲ್ಲಂತೂ ಹೊಸ ವರ್ಷದ ರಜೆ ಮುಗಿಸಿ ಬರುವಷ್ಟರಲ್ಲಿ ಕಾಫಿ ಬೆಲೆ ಮೇಲಕ್ಕೆ ಹೋಗಿತ್ತು, ಕಪ್ಪು ಮಾತ್ರ ಅಷ್ಟೇ ಇತ್ತು. ಆ ಜನವರಿಯಲ್ಲಿ ಸರ್ಕಾರ ಅಂಗಡಿಗಳಿಗೆ ಇನ್ಸ್‌ಪೆಕ್ಟರ್‌ಗಳನ್ನು ಕಳಿಸಿತು, ಬೆಲೆ ಹಿಂದಕ್ಕೆ ಇಳಿಸಿ ಅಂತ ಎಚ್ಚರಿಕೆ ಕೊಟ್ಟಿತು. ಮಾರ್ಕೆಟ್ಟಿನ ಪಾರ್ಸ್ಲಿ ಮೇಲೆ ಅದರ ಪರಿಣಾಮ ನನಗಂತೂ ಕಾಣಲಿಲ್ಲ.

ಎಲ್ಲ ತಪ್ಪನ್ನೂ ಯೂರೋ ತಲೆಗೆ ಕಟ್ಟುವವರೂ ಇದ್ದಾರೆ, ಅದೂ ಸರಿಯಲ್ಲ. ಉಕ್ರೇನ್ ಯುದ್ಧ ಶುರುವಾಗಿ ಗ್ಯಾಸು, ಎಣ್ಣೆ, ಗೋಧಿ ಎಲ್ಲ ಏರಿತ್ತು. 2022ರ ಕೊನೆಗೆ, ಇನ್ನೂ ಕೂನಾ ಇರುವಾಗಲೇ, ಬೆಲೆ ಏರಿಕೆ 10 ಪರ್ಸೆಂಟ್ ದಾಟಿತ್ತು. ಇನ್ನೊಂದು ವಿಷಯ, ಇಲ್ಲಿಯವರು ಎಷ್ಟೋ ವರ್ಷದಿಂದ ಉಳಿತಾಯ ಇಡುತ್ತಿದ್ದದ್ದು, ಮನೆ ಬೆಲೆ ಮಾತಾಡುತ್ತಿದ್ದದ್ದು ಯೂರೋದಲ್ಲೇ. ಸಂಬಳ ಮಾತ್ರ ಕೂನಾದಲ್ಲಿ. ಹಾಗಾಗಿ ಮನೆ ಸಾಲ ಇರುವವರಿಗೆ ನೆಮ್ಮದಿ ಆಯಿತು, ಸೊಪ್ಪು ಕೊಳ್ಳುವವರಿಗೆ ಸಂಕಟ ಆಯಿತು. ಮನೆ ಸಾಲ ಇರುವವರೂ ಸೊಪ್ಪು ಕೊಳ್ಳುತ್ತಾರೆ ಅನ್ನಿ.

ಜನ ಸುಮ್ನೆ ಕೂರಲಿಲ್ಲ. 2025ರ ಜನವರಿ 24, ಶುಕ್ರವಾರ, ಗ್ರಾಹಕರ ಸಂಘದವರು ಇವತ್ತು ಯಾರೂ ಏನೂ ಕೊಳ್ಳಬೇಡಿ ಅಂದರು. ಅಂಗಡಿಗಳ ವ್ಯಾಪಾರ ಹಿಂದಿನ ಶುಕ್ರವಾರಕ್ಕಿಂತ ಸುಮಾರು ಅರ್ಧಕ್ಕೆ ಬಿತ್ತು. ಅಕ್ಕಪಕ್ಕದ ದೇಶಗಳಿಗೂ ಈ ಗಾಳಿ ಬೀಸಿತು. ಸರ್ಕಾರ ಬೆಲೆ ಕಟ್ಟಿಹಾಕಿದ ಸಾಮಾನುಗಳ ಪಟ್ಟಿಯನ್ನು 70ಕ್ಕೆ ಏರಿಸಿತು. ಶೆಂಗೆನ್ ಆದ ಮೇಲೆ ಸ್ಲೊವೇನಿಯಾಗೋ ಇಟಲಿಗೋ ಕಾರು ತಗೊಂಡು ಹೋಗಿ ಸೋಪಿನ ಪುಡಿ, ಡಯಾಪರು, ಪಾಸ್ತಾ ತುಂಬಿಕೊಂಡು ಬರುವವರು ಜಾಸ್ತಿ. ಒಂದೇ ಕಂಪನಿಯ ಒಂದೇ ಪ್ಯಾಕೆಟ್ಟು ಅಲ್ಲಿ ಕಡಿಮೆ, ಇಲ್ಲಿ ಹೆಚ್ಚು. ಎರಡೂ ಕಡೆ ಒಂದೇ ದುಡ್ಡು ಆದಾಗ ಈ ವ್ಯತ್ಯಾಸ ಮುಚ್ಚಿಡಲು ಆಗಲ್ಲ, ನೋಡಿ. ಹಿಂದೆ ಕೂನಾ-ಯೂರೋ ಗುಣಾಕಾರದಲ್ಲಿ ಅದು ಕಳೆದುಹೋಗುತ್ತಿತ್ತು.

ಹಾಗಾಗಿ ಡೊಲಾಟ್ಸ್‌ನಲ್ಲಿ ಏನು ಕೊಳ್ಳಬೇಕು ಅಂದರೆ: ಚೀಸ್, ಮೊಟ್ಟೆ, ಸೊಪ್ಪು, ಕುಂಬಳಬೀಜದ ಎಣ್ಣೆ, ಚಳಿಗಾಲದಲ್ಲಿ ಇಡೀ ಇಡೀ ಹುಳಿ ಹಾಕಿದ ಎಲೆಕೋಸು. ಸಾರಿಗೆ ಅಂತ ಕ್ಯಾರೆಟ್, ಸೆಲರಿ, ಪಾರ್ಸ್ಲಿ ಬೇರು ಎಲ್ಲ ಸೇರಿಸಿ ಕಟ್ಟಿದ ಕಟ್ಟು ಸಿಗುತ್ತದೆ, ಅದನ್ನು ಬಿಡಬೇಡಿ. ಹಣ್ಣಿಗೆ ಮಾತ್ರ ಕಣ್ಣು ತೆರೆದಿರಲಿ. ಮೆಟ್ಟಿಲು ಹತ್ತಿದ ತಕ್ಷಣ ಸಿಗುವ, ಟೂರಿಸ್ಟ್‌ಗಳು ಫೋಟೋ ತೆಗೆಯುವ ಸಾಲಿನಲ್ಲಿ ರೇಟು ಜಾಸ್ತಿ. ಹಿಂದಿನ ಸಾಲಿಗೆ ಹೋಗಿ. ಸೀಸನ್ ಅಲ್ಲದ ಹೊತ್ತಿನಲ್ಲಿ ಒಂದೇ ಅಳತೆಯ, ಫಳಫಳ ಹೊಳೆಯುವ ಟೊಮ್ಯಾಟೊ ಇಟ್ಟು ನಮ್ಮ ತೋಟದ್ದು ಅಂದರೆ ನಂಬಬೇಡಿ. ಹಣ್ಣು ತರಕಾರಿಗೆ ಯಾವ ದೇಶದ್ದು ಅಂತ ಬರೆಯಲೇಬೇಕು, ಅದು ಯೂನಿಯನ್ ನಿಯಮ. ರಟ್ಟಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇಟಲಿ, ಸ್ಪೇನ್ ಅಂತ ಇರುತ್ತದೆ. ಆ ಎರಡು ದೇಶದ ತರಕಾರಿ ಸುಂಕ ಇಲ್ಲದೆ ಬಂದು ಬೀಳುವುದರಿಂದ ಇಲ್ಲಿಯ ಸಣ್ಣ ರೈತನಿಗೆ ಪೈಪೋಟಿ ಕಷ್ಟ. ಯೂನಿಯನ್ ಬಗ್ಗೆ ಹಳ್ಳಿಯವರ ನಿಜವಾದ ದೂರು ಇದು, ಚೀಸ್ ಅಲ್ಲ.

ಇದಕ್ಕೆ ಉಲ್ಟಾ ಲಾಭವೂ ಆಗಿದೆ. ನಂಜನಗೂಡು ರಸಬಾಳೆಗೆ, ಮೈಸೂರು ವೀಳ್ಯದೆಲೆಗೆ ನಮ್ಮಲ್ಲಿ ಜಿಐ ಟ್ಯಾಗ್ ಸಿಕ್ಕ ಹಾಗೆ, ಇಲ್ಲಿ ನೆರೆತ್ವಾ ಕಣಿವೆಯ ಮ್ಯಾಂಡರಿನ್ ಕಿತ್ತಳೆಗೆ, ಲಿಕಾ ಪ್ರದೇಶದ ಆಲೂಗಡ್ಡೆಗೆ, ಪಾಗ್ ದ್ವೀಪದ ಚೀಸಿಗೆ ಯೂನಿಯನ್ ಮಟ್ಟದಲ್ಲಿ ಹೆಸರಿನ ರಕ್ಷಣೆ ಇದೆ. ಅಕ್ಟೋಬರ್ ನಂತರ ಬಂದರೆ ನೆರೆತ್ವಾ ಮ್ಯಾಂಡರಿನ್ ಕೇಳಿ ತಗೊಳ್ಳಿ, ಎಲೆ ಸಮೇತ ಇರುತ್ತದೆ, ಸಿಪ್ಪೆ ತೆಳು, ಒಂದು ಕೆಜಿ ಮನೆ ಸೇರುವ ಮುಂಚೆ ಅರ್ಧ ಆಗಿರುತ್ತದೆ. ಲಿಕಾ ಆಲೂಗಡ್ಡೆ ಮಸಾಲೆ ದೋಸೆ ಪಲ್ಯಕ್ಕೆ ಹೇಳಿ ಮಾಡಿಸಿದ್ದು. ಈ ಹೆಸರಿನ ಜಗಳ ಒಮ್ಮೊಮ್ಮೆ ತಮಾಷೆ ಆಗುತ್ತದೆ. ಟೆರಾನ್ ಅಂತ ಒಂದು ಕೆಂಪು ವೈನ್ ಇದೆ. ಆ ಹೆಸರನ್ನು ಸ್ಲೊವೇನಿಯಾ ಮೊದಲೇ ತನ್ನದು ಅಂತ ಬರೆಸಿಕೊಂಡಿತ್ತು. 2013ರಲ್ಲಿ ಕ್ರೊಯೇಷಿಯಾ ಸೇರಿದ್ದೇ ತಡ, ಇಲ್ಲಿಯ ಇಸ್ಟ್ರಿಯಾ ಪ್ರದೇಶದವರು ತಮ್ಮ ಅಜ್ಜನ ಕಾಲದ ವೈನಿಗೆ ತಮ್ಮ ಹೆಸರು ಹಾಕಿ ಮಾರುವ ಹಾಗಿರಲಿಲ್ಲ. 2017ರಲ್ಲಿ ಷರತ್ತು ಹಾಕಿ ಒಪ್ಪಿಗೆ ಕೊಟ್ಟರು.

ಬೆಲೆ ಬಿಟ್ಟು ನಾನು ಡೊಲಾಟ್ಸ್‌ನಲ್ಲಿ ಹೆಚ್ಚು ಗಮನಿಸುವುದು ಜನರನ್ನು. ಗಲ್ಲೆಯ ಹಿಂದೆ ಕೂತವರೆಲ್ಲ ವಯಸ್ಸಾದವರು. ನಾನು ಚೀಸ್ ತಗೊಳ್ಳುವ ಅಜ್ಜಿಯ ಮೊಮ್ಮಗ ಡಬ್ಲಿನ್‌ನಲ್ಲಿದ್ದಾನೆ. ಯೂನಿಯನ್ ಸೇರಿದ ದಿನವೇ ಐರ್ಲೆಂಡ್ ಇವರಿಗೆ ಕೆಲಸದ ಬಾಗಿಲು ತೆರೆಯಿತು, ಜರ್ಮನಿ 2015ರಲ್ಲಿ, ಆಸ್ಟ್ರಿಯಾ ತೀರಾ ತಡವಾಗಿ 2020ರಲ್ಲಿ. ಬಸ್ಸು ತುಂಬಿ ತುಂಬಿ ಹೋದರು, ಅದರಲ್ಲೂ ಪೂರ್ವದ ಸ್ಲಾವೋನಿಯಾ ಕಡೆಯವರು. 2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 42.8 ಲಕ್ಷ, 2021ರಲ್ಲಿ 38.7 ಲಕ್ಷ. ಹುಟ್ಟುವವರು ಕಡಿಮೆ ಆಗಿದ್ದೂ ಇದರಲ್ಲಿ ಸೇರಿದೆ, ಆದರೂ ದೊಡ್ಡ ಪೆಟ್ಟು. ಅಜ್ಜಿಗೆ ಬೇಜಾರಿದೆ, ಹೆಮ್ಮೆಯೂ ಇದೆ. ಚೀಸ್ ತೂಗುತ್ತಲೇ ಮೊಮ್ಮಗನ ಫೋಟೋ ತೋರಿಸುತ್ತಾರೆ, ನನ್ನ ಹಿಂದೆ ಕ್ಯೂ ಬೆಳೆಯುತ್ತಾ ಹೋಗುತ್ತದೆ.

ಅವರು ಹೋದ ಜಾಗಕ್ಕೆ ಬಂದವರು ಯಾರು? ನಾವು. ನೇಪಾಳ, ಭಾರತ, ಫಿಲಿಪೈನ್ಸ್, ಬಾಂಗ್ಲಾದೇಶ. 2024ರಲ್ಲಿ ಈ ಸಣ್ಣ ದೇಶ ವಿದೇಶಿಯರಿಗೆ ಕೊಟ್ಟ ಕೆಲಸದ ಪರ್ಮಿಟ್ 2 ಲಕ್ಷ ದಾಟಿತು, ಬೋಸ್ನಿಯಾ ಸರ್ಬಿಯಾದವರನ್ನೂ ಸೇರಿಸಿ. ಕಟ್ಟಡ ಕೆಲಸ, ಹೋಟೆಲ್ ಅಡುಗೆಮನೆ, ಊಟ ಡೆಲಿವರಿ, ಗೋಡೌನು, ಎಲ್ಲ ಕಡೆ ನಮ್ಮ ಮುಖಗಳೇ. ಮಾರ್ಕೆಟ್ಟಿನ ಮೇಲೂ ಇದರ ಗುರುತು ಬಿದ್ದಿದೆ. ಮೊದಲು ಕೊತ್ತಂಬರಿ ಸೊಪ್ಪು ಕೇಳಿದರೆ ನಗುತ್ತಾ ಪಾರ್ಸ್ಲಿ ಕೊಟ್ಟು ಕಳಿಸುತ್ತಿದ್ದರು. ಈಗ ನನಗೆ ಗೊತ್ತಿರುವ ಒಬ್ಬರು ಶನಿವಾರ ಕೊತ್ತಂಬರಿ ಇಡುತ್ತಾರೆ, ಖಾರದ ಸಣ್ಣ ಮೆಣಸಿನಕಾಯಿಯೂ ಅವರ ಹತ್ತಿರ ಸಿಗುತ್ತದೆ. ಬೇಗ ಹೋಗಬೇಕು, ನೇಪಾಳಿ ಹುಡುಗರು 8 ಗಂಟೆಗೇ ಖಾಲಿ ಮಾಡಿಬಿಡುತ್ತಾರೆ. ಎಲ್ಲರೂ ಒಂದೇ ಥರ ನೋಡುತ್ತಾರೆ ಅಂತ ಹೇಳಲಾರೆ. ಕೆಲವರು ಚಿಲ್ಲರೆಯನ್ನು ಕೈಗೆ ಕೊಡದೆ ಗಲ್ಲೆ ಮೇಲೆ ಇಡುತ್ತಾರೆ. ಕುಮಿತ್ಸಾ ಅಜ್ಜಿಯರು ಹಾಗಲ್ಲ. ಭಾಷೆ ನಾಲ್ಕು ಮಾತು ಬಂದರೂ ಸಾಕು, ಒಂದು ಹಿಡಿ ಸೊಪ್ಪು ಕೊಸರು ಹಾಕಿಯೇ ಕಳಿಸುತ್ತಾರೆ. ಯೂರೋ ಬಂದರೂ ಕೊಸರು ನಿಂತಿಲ್ಲ.

ಗಡಿ ವಿಷಯಕ್ಕೆ ಬಂದರೆ ಮಾತ್ರ ನನ್ನ 5 ಸ್ಟಾರ್ ಪೂರ್ತಿ. ಹಿಂದೆ ನಮ್ಮಂಥ ಭಾರತದ ಪಾಸ್‌ಪೋರ್ಟಿನವರಿಗೆ ಕ್ರೊಯೇಷಿಯಾದ ವಾಸದ ಕಾರ್ಡು ಇದ್ದರೂ ಪಕ್ಕದ ಸ್ಲೊವೇನಿಯಾಗೆ ಹೋಗಲು ಬೇರೆ ವೀಸಾ ಬೇಕಿತ್ತು. ಜಾಗ್ರೆಬ್‌ನಿಂದ ಬ್ರೆಗಾನಾ ಗಡಿ ಅರ್ಧ ಗಂಟೆ ದಾರಿ, ಆದರೆ ನಮಗೆ ಅದು ಬೇರೆ ಲೋಕ. ಈಗ ಅದೇ ಕಾರ್ಡು ಹಿಡಿದು 180 ದಿನದಲ್ಲಿ 90 ದಿನ ಇಡೀ ಶೆಂಗೆನ್ ಸುತ್ತಬಹುದು. ಸ್ಲೊವೇನಿಯಾ, ಹಂಗೇರಿ ಕಡೆಯ 73 ಗಡಿ ಠಾಣೆಗಳನ್ನು 2023ರ ಹೊಸ ವರ್ಷದ ರಾತ್ರಿ ಎತ್ತಿಹಾಕಿದರು. ಬೇಸಿಗೆಯಲ್ಲಿ ಅಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದ ಕಾರುಗಳ ಸಾಲು ನೋಡಿದವರಿಗೇ ಇದರ ಬೆಲೆ ಗೊತ್ತು. ಒಂದು ಎಚ್ಚರಿಕೆ, 2023ರ ಅಕ್ಟೋಬರ್‌ನಿಂದ ಸ್ಲೊವೇನಿಯಾದವರು ಮತ್ತೆ ತಪಾಸಣೆ ಶುರು ಮಾಡಿದರು. ಎಲ್ಲರನ್ನೂ ನಿಲ್ಲಿಸುವುದಿಲ್ಲ, ಆದರೆ ಬಸ್ಸಿನಲ್ಲಿ ನಮ್ಮ ಬಣ್ಣದವರನ್ನು ತಪ್ಪದೆ ಕೇಳುತ್ತಾರೆ. ಪಾಸ್‌ಪೋರ್ಟ್, ಕಾರ್ಡು ಎರಡೂ ಜೇಬಿನಲ್ಲಿರಲಿ.

ದಕ್ಷಿಣಕ್ಕೆ ಡುಬ್ರೋವ್ನಿಕ್ ಕಡೆ ಹೋಗುವವರಿಗೂ ಒಂದು ಮಾತು. ಮೊದಲು ನೆಯುಮ್ ಹತ್ತಿರ ಬೋಸ್ನಿಯಾದ ನೆಲ ದಾಟದೆ ರಸ್ತೆಯಲ್ಲಿ ಅಲ್ಲಿಗೆ ಹೋಗಲು ಆಗುತ್ತಿರಲಿಲ್ಲ, ಸ್ವಂತ ದೇಶದ ಒಂದು ತುಂಡಿಗೆ ಹೋಗಲು ಎರಡು ಸಲ ಗಡಿ. 2022ರ ಜುಲೈ 26ಕ್ಕೆ ಪೆಲ್ಯೆಶಾಟ್ಸ್ ಸೇತುವೆ ಆಯಿತು, 2.4 ಕಿಲೋಮೀಟರ್ ಉದ್ದ. ಯೂನಿಯನ್ ಇದಕ್ಕೆ 35.7 ಕೋಟಿ ಯೂರೋ ಕೊಟ್ಟಿತು, ಕಟ್ಟಿದ್ದು ಚೀನಾ ಕಂಪನಿ. ಹಳೆ ದಾರಿಯಲ್ಲೇ ಹೋಗುವ ಆಸೆ ಇದ್ದರೆ ಮೊಬೈಲ್ ಡೇಟಾ ಆಫ್ ಮಾಡಿ. ಯೂನಿಯನ್ ಒಳಗೆ 2017ರಿಂದ ರೋಮಿಂಗ್‌ಗೆ ಬೇರೆ ಚಾರ್ಜ್ ಇಲ್ಲ, ಬೋಸ್ನಿಯಾ ಯೂನಿಯನ್ ಒಳಗಿಲ್ಲ. ಮ್ಯಾಪ್ ಹಾಕಿಕೊಂಡು ಹಾಗೇ ಹೋದ ಗೆಳೆಯನೊಬ್ಬನಿಗೆ ಬಂದ ಬಿಲ್ಲಿನಲ್ಲಿ ಒಂದು ವಾರದ ತರಕಾರಿ ಬರುತ್ತಿತ್ತು.

ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುವುದು ಕಂಡು ಇದೂ ಬ್ರಸೆಲ್ಸ್ ಕಾಟ ಅಂದುಕೊಳ್ಳಬೇಡಿ. 2023ರ ಜುಲೈಯಿಂದ ವರ್ಷಕ್ಕೆ 16 ಭಾನುವಾರ ಮಾತ್ರ ಅಂಗಡಿ ತೆರೆಯಬಹುದು ಅಂತ ಕಾನೂನು ಮಾಡಿದ್ದು ಇಲ್ಲಿಯ ಸರ್ಕಾರವೇ. ಇಷ್ಟ ಆಗದ್ದೆಲ್ಲ ಯೂನಿಯನ್ನಿನದು, ಇಷ್ಟ ಆದದ್ದೆಲ್ಲ ನಮ್ಮದು ಅನ್ನುವ ಚಾಳಿ ಎಲ್ಲ ಊರಿನಂತೆ ಇಲ್ಲೂ ಇದೆ. ಹಾಗಾಗಿ ವಾರದ ತರಕಾರಿ ಶನಿವಾರವೇ ಮುಗಿಸಿಕೊಳ್ಳಿ.

ಕೊನೆಗೆ ಬೇಕಾದ ಮಾಹಿತಿ. ಬೆಳಿಗ್ಗೆ 9ರೊಳಗೆ ಹೋಗಿ, ಮಧ್ಯಾಹ್ನದ ಮೇಲೆ ಕುಮಿತ್ಸಾಗಳು ಬುಟ್ಟಿ ಎತ್ತಿಬಿಡುತ್ತಾರೆ. ಕೈಚೀಲ ತಗೊಂಡು ಹೋಗಿ. ಕಾರ್ಡ್ ಎಲ್ಲರೂ ತಗೊಳ್ಳುವುದಿಲ್ಲ, 1 ಮತ್ತು 2 ಯೂರೋ ನಾಣ್ಯ ಇಟ್ಟುಕೊಂಡರೆ ವ್ಯಾಪಾರ ಸಲೀಸು. ಇಲ್ಲಿಯ 1 ಯೂರೋ ಮೇಲೆ ಕೂನಾ ಅನ್ನುವ ಪ್ರಾಣಿಯ ಚಿತ್ರವೇ ಇದೆ, 10, 20, 50 ಸೆಂಟಿನ ಮೇಲೆ ನಿಕೋಲಾ ಟೆಸ್ಲಾ. ಬಾಡಿಗೆ ಮನೆಯ ಡ್ರಾಯರಿನಲ್ಲಿ ಯಾರೋ ಬಿಟ್ಟುಹೋದ ಹಳೆ ಕೂನಾ ನೋಟು ಸಿಕ್ಕರೆ ಎಸೆಯಬೇಡಿ, ಕೇಂದ್ರ ಬ್ಯಾಂಕಿನಲ್ಲಿ ಯಾವಾಗ ಬೇಕಾದರೂ ಬದಲಿಸಿ ಕೊಡುತ್ತಾರೆ, ಅದಕ್ಕೆ ಗಡುವಿಲ್ಲ. ನಾಣ್ಯಕ್ಕೆ ಮಾತ್ರ 2025ರ ಡಿಸೆಂಬರ್ 31 ಅಂತ ಗಡುವು ಹಾಕಿದ್ದರು.